ತಡೆದಿಟ್ಟ ಚಂಡಮಾರುತ

1976ರ ಮೇ ತಿಂಗಳ ಮೊದಲ ವಾರ. ನೀವು ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿದ್ದೀರಿ. ನಿಮಗೆ ಹತ್ತೊಂಬತ್ತು ವರ್ಷ. ಹಿಂದಿನ ದಿನವಿಡೀ ಅಮ್ಮನ ಜೊತೆ ಕೂತು ಹುಳು ಗೂಡು ಕಟ್ಟುವ ಚಂದ್ರಂಕಿ ತಟ್ಟೆಯಿಂದ ಗೂಡು ಬಿಡಿಸಿದ್ದೀರಿ. ಬೆರಳ ತುದಿಗೆ ಅಂಟಿದ ಎಳೆ ಎಷ್ಟು ಉಜ್ಜಿದರೂ ಹೋಗುತ್ತಿಲ್ಲ. ಎದುರಿಗೆ ಹಳದಿ ಗೂಡಿನ ರಾಶಿ. ರೀಲರ್ ಒಬ್ಬರು ರಾಶಿಯೊಳಕ್ಕೆ ಮೊಣಕೈವರೆಗೆ ಕೈ ತೂರಿಸಿ ಅಡಿಯಿಂದ ಒಂದು ಹಿಡಿ ತೆಗೆಯುತ್ತಾರೆ, ಒಂದನ್ನು ಕಿವಿಯ ಹತ್ತಿರ ಕುಲುಕುತ್ತಾರೆ, ಇನ್ನೊಂದನ್ನು ಹೆಬ್ಬೆರಳಿನಲ್ಲಿ ಒತ್ತಿ ನೋಡುತ್ತಾರೆ. ಮುಖದಲ್ಲಿ ಏನೂ ತೋರಿಸಿಕೊಳ್ಳುವುದಿಲ್ಲ. ಹಿಪ್ಪುನೇರಳೆ ಸೊಪ್ಪು, ಹುಳು ಪೊರೆ ಬಿಡುವ ನಾಲ್ಕು ಜ್ವರ, ನಿದ್ದೆಗೆಟ್ಟ ರಾತ್ರಿಗಳು, ಎಲ್ಲವೂ ಆ ಹೆಬ್ಬೆರಳಿನ ಕೆಳಗೆ ಇವೆ.

ಮಾರುಕಟ್ಟೆಯ ಮೂಲೆಯ ಟೀ ಅಂಗಡಿಯಲ್ಲಿ ಟ್ರಾನ್ಸಿಸ್ಟರ್ ಹಾಡುತ್ತಿದೆ. ವಾರ್ತೆ ಶುರುವಾಗುತ್ತದೆ. ಇಪ್ಪತ್ತು ಅಂಶಗಳ ಕಾರ್ಯಕ್ರಮ, ಉತ್ಪಾದನೆಯ ಏರಿಕೆ, ಶಿಸ್ತು. ಪಕ್ಕದ ಬೆಂಚಿನಲ್ಲಿ ನಿಮ್ಮ ಸೋದರಮಾವ ದಿನಪತ್ರಿಕೆ ಮಡಚಿ ಬದಿಗಿಡುತ್ತಾರೆ.

"ಏನೈತೆ ಮಾವಾ, ಪೇಪರ್‌ನಾಗೆ?"

"ಏನೈತಪ್ಪಾ, ಎಲ್ಲಾ ಸುಭಿಕ್ಷ. ನಿನ್ನೆ ಇದ್ದಿದ್ದೇ ಇವತ್ತೂ ಐತೆ. ನೀನು ಬೆಂಗ್ಳೂರಿಗೆ ಓಗ್ತೀಯಲ್ಲ, ಬಾಯ್ ಮುಚ್ಕೊಂಡು ಓಗ್ಬಿಟ್ಟು ಬಾ. ಪಕ್ಕದಾಗೆ ಯಾರು ಕೂತವ್ರೆ ಅಂತ ಗೊತ್ತಾಗಲ್ಲ."

ಆ ಪತ್ರಿಕೆಯಲ್ಲಿ ಇಲ್ಲದ ಒಂದು ಸುದ್ದಿ ಇದೆ. ಮೇ 2ರ ಭಾನುವಾರ ಬೆಂಗಳೂರಿನಲ್ಲಿ ಸ್ನೇಹಲತಾ ರೆಡ್ಡಿ ಅವರನ್ನು ಪೊಲೀಸರು ಬಂಧಿಸಿದ್ದಾರೆ. 'ಸಂಸ್ಕಾರ' ಚಿತ್ರದ ಚಂದ್ರಿ. ಮದ್ರಾಸ್ ಪ್ಲೇಯರ್ಸ್ ನಾಟಕ ತಂಡವನ್ನು ಕಟ್ಟಿದವರಲ್ಲಿ ಒಬ್ಬರು, ಸಮಾಜವಾದಿ ಲೋಹಿಯಾ ಅವರ ವಿಚಾರವನ್ನು ನಂಬಿದವರು, ಆಸ್ತಮಾ ರೋಗಿ. ಅವರ ಪತಿ ಪಟ್ಟಾಭಿರಾಮ ರೆಡ್ಡಿ ಪಿ. ಲಂಕೇಶರ 'ಕ್ರಾಂತಿ ಬಂತು ಕ್ರಾಂತಿ' ನಾಟಕವನ್ನು ಆಧರಿಸಿ ಒಂದು ಸಿನಿಮಾ ಮಾಡಿದ್ದಾರೆ. ಹೆಸರು 'ಚಂಡಮಾರುತ'. ವ್ಯವಸ್ಥೆಯ ಮೇಲೆ ತಿರುಗಿಬೀಳುವ ಎಳೆಯರ ಕಥೆ. ತುರ್ತು ಪರಿಸ್ಥಿತಿ ಅದರ ದಾರಿಗೆ ಅಡ್ಡ ನಿಂತಿದೆ. ಶಿಡ್ಲಘಟ್ಟದ ಈ ಬೆಂಚಿನ ಮೇಲೆ ಕೂತ ನಿಮಗೆ ಆ ಸಿನಿಮಾದ ಹೆಸರೂ ಗೊತ್ತಿಲ್ಲ. ಅದನ್ನು ನಿಮ್ಮಂಥವರಿಗಾಗಿಯೇ ಮಾಡಿದ್ದು ಎಂಬುದಂತೂ ಗೊತ್ತಾಗುವ ದಾರಿಯೇ ಇಲ್ಲ.

*

ನಿಲ್ದಾಣಕ್ಕೆ ಹೋಗೋಣ. ಇದು ಸಣ್ಣ ರೈಲು. ಹಳಿಗಳ ನಡುವೆ ಬರೀ ಎರಡೂವರೆ ಅಡಿ ಅಂತರ. ಬಂಗಾರಪೇಟೆಯಿಂದ ಹೊರಟು ಕೋಲಾರ, ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ಹಾದು ಯಲಹಂಕದ ಕಡೆ ಸಾಗುವ ಹಾದಿ. ಡಬ್ಬಿಯೊಳಗೆ ಹುಣಸೆಹಣ್ಣಿನ ಗೋಣಿ, ಕೋಳಿ ಬುಟ್ಟಿ, ಹಸುಗೂಸು, ಟೊಮೆಟೊ. ಚಿಂತಾಮಣಿಯಿಂದ ಬಂದವರು ಆಗಲೇ ಕಿಟಕಿ ಹಿಡಿದು ಕೂತಿದ್ದಾರೆ. ಅರ್ಧ ಮಾತು ಕನ್ನಡ, ಅರ್ಧ ತೆಲುಗು. ಒಂದೇ ವಾಕ್ಯದಲ್ಲಿ ಎರಡೂ ಬರುತ್ತವೆ, ಯಾರಿಗೂ ಅದು ವಿಶೇಷವಲ್ಲ. ಇದೆಲ್ಲ ಇನ್ನೂ ಕೋಲಾರ ಜಿಲ್ಲೆ. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಗುವುದು 2007ರಲ್ಲಿ.

ನಿಮ್ಮೆದುರಿಗೆ ಒಬ್ಬ ನಡುವಯಸ್ಸಿನ ಮನುಷ್ಯ. ಹೆಗಲ ಮೇಲೆ ಹೊಸ ಟವೆಲ್ಲು. ತಾಲೂಕು ಕಚೇರಿಗೆ ಹೊರಟಿದ್ದಾನೆ. ಭೂ ನ್ಯಾಯಮಂಡಳಿಗೆ ಡಿಕ್ಲರೇಷನ್ ಹಾಕಿದ್ದಾನಂತೆ. ತಾತನ ಕಾಲದಿಂದ ಗೇಯುತ್ತಿದ್ದ ಗೌಡರ ಹೊಲ ಈಗ ತನ್ನ ಹೆಸರಿಗೇ ಆಗುತ್ತದಂತೆ.

"ಇಂದ್ರಮ್ಮ ಬಂದ್ಲು, ಅರಸು ಬಂದ್ರು, ನಮ್ಗೆ ಮಣ್ಣು ಸಿಕ್ತು ಕಣಪ್ಪಾ," ಎನ್ನುತ್ತಾನೆ. ಅವನ ಕಣ್ಣಲ್ಲಿ ಇರುವುದು ನಿಜವಾದ ಖುಷಿ.

ಈ ಮನುಷ್ಯನನ್ನು ಪಕ್ಕಕ್ಕೆ ಸರಿಸಿ ಆ ಕಾಲದ ಕಥೆ ಹೇಳುವುದು ಅನ್ಯಾಯ ಎಂದು ನಾನು ನಂಬಿದ್ದೇನೆ. ದೇವರಾಜ ಅರಸರ ಸರ್ಕಾರದ 1974ರ ಭೂಸುಧಾರಣೆ ತಿದ್ದುಪಡಿ ಉಳುವವನಿಗೆ ಹೊಲ ಕೊಟ್ಟಿದ್ದು ಸತ್ಯ. 1975ರ ಕೊನೆಗೆ ಜೀತ ಪದ್ಧತಿ ರದ್ದಾಗಿದ್ದು ಸತ್ಯ. ತಲೆಮಾರುಗಳ ಸಾಲ ತೀರಿಸಲು ಗೌಡರ ಕೊಟ್ಟಿಗೆಯಲ್ಲೇ ಮಲಗುತ್ತಿದ್ದ ಹುಡುಗರು ಈ ಸೀಮೆಯಲ್ಲೂ ಇದ್ದರು. ಆ ಕೆಲಸಗಳು ಆಗಬೇಕಿತ್ತು. ಆದರೆ ಉಸಿರಾಡಲು ಕಷ್ಟಪಡುವ ಹೆಂಗಸನ್ನು ವಿಚಾರಣೆ ಇಲ್ಲದೆ ಕೂಡಿಹಾಕುವುದಕ್ಕೂ ಈ ಮನುಷ್ಯನ ಹೊಲಕ್ಕೂ ಏನು ಸಂಬಂಧ? ಅವನ ಹಕ್ಕುಪತ್ರಕ್ಕೆ ಆಕೆಯ ಜೈಲುವಾಸದಿಂದ ಒಂದು ಗುಂಟೆಯೂ ಹೆಚ್ಚಾಗಲಿಲ್ಲ. ಒಂದು ಕೈಯಲ್ಲಿ ಕೊಟ್ಟದ್ದನ್ನು ತೋರಿಸಿ ಇನ್ನೊಂದು ಕೈಯಲ್ಲಿ ಬಾಯಿ ಮುಚ್ಚಿಸಿದರು. ಸಮಾಜವಾದದ ಹೆಸರಿನಲ್ಲಿ ಆಳಿದ ಎಷ್ಟೋ ಸರ್ಕಾರಗಳು ಮಾಡಿದ್ದು ಇದನ್ನೇ.

ರೈಲು ಚಿಕ್ಕಬಳ್ಳಾಪುರ ಬಿಟ್ಟಿದೆ. ಎಡಬಲದಲ್ಲಿ ದ್ರಾಕ್ಷಿ ತೋಟ, ಬಂಡೆ, ಮುಂದೆ ನಂದಿ ಬೆಟ್ಟ. ನಂದಿ ಹಾಲ್ಟ್‌ನಲ್ಲಿ ಒಬ್ಬ ಹುಡುಗ ಹತ್ತಿ ನಿಮ್ಮ ಪಕ್ಕ ಕೂರುತ್ತಾನೆ. ಮಾತಿಲ್ಲ. ದೇವನಹಳ್ಳಿ ಬರುವ ಮುಂಚೆ ಅವನು ಇಳಿಯಲು ಎದ್ದಾಗ ನಿಮ್ಮ ಪುಸ್ತಕದೊಳಗೆ ಒಂದು ಹಾಳೆ ಇರುತ್ತದೆ. ಸೈಕ್ಲೋಸ್ಟೈಲ್ ಮಾಡಿದ ಹಾಳೆ. ಮಸಿ ಒಂದು ಕಡೆ ದಟ್ಟ, ಒಂದು ಕಡೆ ಮಾಸಲು. ಸ್ಟೆನ್ಸಿಲ್ ಹರಿದ ಜಾಗದಲ್ಲಿ 'ರ' ಒಂದು ಕರಿ ಚುಕ್ಕೆಯಾಗಿದೆ. ಮುಟ್ಟಿದರೆ ಬೆರಳಿಗೆ ಹತ್ತುತ್ತದೆ. ಬೆಂಗಳೂರು ಸೆಂಟ್ರಲ್ ಜೈಲಿನಲ್ಲಿ ಯಾರು ಯಾರಿದ್ದಾರೆ ಎಂದು ಬರೆದಿದೆ. ಹೊಟ್ಟೆಯೊಳಗೆ ತಣ್ಣಗಾದಂತಾಗುತ್ತದೆ. ಟವೆಲ್ಲಿನ ಮನುಷ್ಯ ನಿಮ್ಮನ್ನು ನೋಡುತ್ತಿದ್ದಾನೋ, ಕಿಟಕಿಯಾಚೆ ನೋಡುತ್ತಿದ್ದಾನೋ? ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಷರಟಿನೊಳಗೆ ಇಳಿಬಿಡುತ್ತೀರಿ.

*

ಮೆಜೆಸ್ಟಿಕ್ಕಿನಲ್ಲಿ ಇಳಿದರೆ ತಲೆ ಎತ್ತಿದಲ್ಲೆಲ್ಲ ಸಿನಿಮಾ. ಸಾಗರ್, ಸ್ಟೇಟ್ಸ್, ಕಪಾಲಿ. ಆಳೆತ್ತರದ ರಾಜಕುಮಾರ್ ಕಟೌಟು, ಕೊರಳಿಗೆ ಹೂವಿನ ಹಾರ. ಆ ವರ್ಷ ತೆರೆಗೆ ಬಂದ ಚಿತ್ರಗಳಲ್ಲಿ ಒಂದರ ಹೆಸರು 'ಬಡವರ ಬಂಧು', ಇನ್ನೊಂದು 'ಬಹದ್ದೂರ್ ಗಂಡು'. ನಾಲ್ಕು ವರ್ಷದ ಹಿಂದೆ 'ನಾಗರಹಾವು' ನೋಡಿ ನಿಮ್ಮೂರಿನ ಅರ್ಧ ಹುಡುಗರು ರಾಮಾಚಾರಿಯಂತೆ ನಡೆಯಲು ಕಲಿತರು. ರಾಮಾಚಾರಿಯ ಸಿಟ್ಟು ಮೇಷ್ಟ್ರ ಮೇಲೆ, ಊರಿನ ಮೇಲೆ, ಜಾತಿಯ ಮೇಲೆ, ಕೊನೆಗೆ ತನ್ನ ಮೇಲೆ. ಅಂಥ ಸಿಟ್ಟಿಗೆ ಸರ್ಟಿಫಿಕೇಟು ಸಿಗುತ್ತದೆ. ಸಿಟ್ಟು ವಿಧಾನಸೌಧದ ಕಡೆಗೆ, ದೆಹಲಿಯ ಕಡೆಗೆ ತಿರುಗಿದ ದಿನ ಕಥೆ ಬೇರೆಯಾಗುತ್ತದೆ.

ಸಿನಿಮಾವನ್ನು ನಿಲ್ಲಿಸುವುದು ಎಷ್ಟು ಸುಲಭ ಎಂದು ಗಾಂಧಿನಗರದ ಈ ಬೀದಿಯಲ್ಲಿ ನಿಂತರೆ ಅರ್ಥವಾಗುತ್ತದೆ. ಕವಿತೆಯನ್ನು ನಿಲ್ಲಿಸಲು ಬಾಯಿಗಳನ್ನು ಮುಚ್ಚಬೇಕು. ನಾಟಕವನ್ನು ನಿಲ್ಲಿಸಲು ಊರೂರಿಗೆ ಪೊಲೀಸರನ್ನು ಕಳಿಸಬೇಕು. ಸಿನಿಮಾ ಎಂದರೆ ಕೆಲವು ತಗಡಿನ ಡಬ್ಬಿಗಳು, ಅವನ್ನು ಹೊತ್ತ ಒಂದು ಪೆಟ್ಟಿಗೆ. 1952ರ ಸಿನಿಮಾಟೋಗ್ರಾಫ್ ಕಾಯಿದೆಯ ಪ್ರಕಾರ ಸೆನ್ಸಾರ್ ಸರ್ಟಿಫಿಕೇಟು ಇಲ್ಲದ ಪೆಟ್ಟಿಗೆಯನ್ನು ಯಾವ ಥಿಯೇಟರಿನವರೂ ಒಳಕ್ಕೆ ಬಿಟ್ಟುಕೊಳ್ಳುವಂತಿಲ್ಲ. ಬಿಟ್ಟುಕೊಂಡರೆ ಲೈಸೆನ್ಸು ಹೋಗುತ್ತದೆ. ಹಾಗಾಗಿ ಗಲಾಟೆ ಇಲ್ಲ, ಸುಟ್ಟ ವಾಸನೆ ಇಲ್ಲ, ಗೋಡೆಯ ಮೇಲೆ ನಿಷೇಧದ ನೋಟೀಸೂ ಇಲ್ಲ. ಪೆಟ್ಟಿಗೆ ಕಪಾಟಿನಲ್ಲೇ ಕೂತಿರುತ್ತದೆ. ದೆಹಲಿಯವರು ಅಷ್ಟಕ್ಕೇ ನಿಲ್ಲಲಿಲ್ಲ: ಅಮೃತ್ ನಾಹಟಾ ಅವರ 'ಕಿಸ್ಸಾ ಕುರ್ಸಿ ಕಾ' ಚಿತ್ರದ ನೆಗೆಟಿವ್‌ಗಳನ್ನು ತರಿಸಿ ಗುಡಗಾಂವಿನ ಮಾರುತಿ ಕಾರ್ಖಾನೆಯ ಆವರಣದಲ್ಲಿ ಸುಟ್ಟುಹಾಕಿದರು.

ಪಟ್ಟಾಭಿರಾಮ ರೆಡ್ಡಿ ಅವರಿಗೆ ಕಪಾಟು ಹೊಸದಲ್ಲ. ನೆಲ್ಲೂರಿನವರು, ಇಪ್ಪತ್ತರ ವಯಸ್ಸಿನಲ್ಲೇ ತೆಲುಗು ಪದ್ಯದ ಛಂದಸ್ಸನ್ನು ಬೇಕೆಂದೇ ಮುರಿದು 'ಫಿಡೇಲು ರಾಗಾಲ ಡಜನ್' ಬರೆದವರು. ಅನಂತಮೂರ್ತಿಯವರ ಕಾದಂಬರಿಯನ್ನು ಅವರು 'ಸಂಸ್ಕಾರ' ಎಂದೇ ತೆರೆಗೆ ತಂದಾಗ ಮದ್ರಾಸಿನ ಸೆನ್ಸಾರಿನವರು ತಡೆದರು. ಗಿರೀಶ ಕಾರ್ನಾಡರು ಪ್ರಾಣೇಶಾಚಾರ್ಯ, ಲಂಕೇಶರು ನಾರಣಪ್ಪ, ಸ್ನೇಹಲತಾ ಚಂದ್ರಿ. ದೆಹಲಿಯವರೆಗೆ ಜಗಳ ಆಡಿ ತಡೆ ತೆಗೆಸಿದರು. ತೆಗೆಸಿದ ಮೇಲೆ ಅದೇ ಚಿತ್ರಕ್ಕೆ 1970ರ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪತಿಗಳ ಸ್ವರ್ಣಪದಕ ಬಂತು, ಕನ್ನಡಕ್ಕೆ ಮೊದಲ ಬಾರಿಗೆ. ಆಗ ಜಗಳ ಆಡಲು ಜಾಗ ಇತ್ತು: ಪತ್ರಿಕೆ ಇತ್ತು, ಸಚಿವಾಲಯ ಇತ್ತು, ಬೇಕಾದರೆ ಕೋರ್ಟು ಇತ್ತು. 1976ರಲ್ಲಿ ಯಾವ ಬಾಗಿಲು ತಟ್ಟುವುದು?

*

ಗಾಂಧಿನಗರದಿಂದ ಶೇಷಾದ್ರಿ ರಸ್ತೆಗೆ ನಡೆದುಕೊಂಡೇ ಹೋಗಬಹುದು. ಬನ್ನಿ. ಸಿನಿಮಾ ಪೋಸ್ಟರುಗಳು ಮುಗಿಯುತ್ತಿದ್ದಂತೆ ಎತ್ತರದ ಗೋಡೆ ಶುರುವಾಗುತ್ತದೆ. ಸೆಂಟ್ರಲ್ ಜೈಲು. ಇದೇ ರಸ್ತೆಯಲ್ಲಿ ಮಹಾರಾಣಿ ಕಾಲೇಜು. ಎದೆಗೆ ಪುಸ್ತಕ ಅವುಚಿಕೊಂಡ ಹುಡುಗಿಯರು ಬಸ್ಸು ಹಿಡಿಯಲು ಈ ಗೋಡೆಯ ಬದಿಯಲ್ಲೇ ನಡೆಯುತ್ತಾರೆ. ಗೋಡೆಯ ಆಚೆಗೆ ಯಾರಿದ್ದಾರೆ ಎಂದು ನಿಮ್ಮ ಷರಟಿನೊಳಗಿನ ಹಾಳೆ ಹೇಳಿದೆ.

1975ರ ಜೂನ್ 26ರ ಬೆಳಗ್ಗೆ ಸಂಸದೀಯ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ, ಶ್ಯಾಮನಂದನ್ ಮಿಶ್ರಾ ಅವರನ್ನು ಹಿಡಿದು ತಂದದ್ದು ಇಲ್ಲಿಗೇ. ರಾಮಕೃಷ್ಣ ಹೆಗಡೆ, ದೇವೇಗೌಡ, ಜೆ.ಎಚ್. ಪಟೇಲ್ ಇದ್ದದ್ದೂ ಇಲ್ಲೇ. ಮುಂದೆ ಇವರಲ್ಲಿ ಇಬ್ಬರು ಪ್ರಧಾನಿಗಳಾದರು, ಮೂವರು ಈ ರಾಜ್ಯದ ಮುಖ್ಯಮಂತ್ರಿಗಳಾದರು. ಅವರ ಜೈಲುವಾಸದ ಕಥೆ ಎಲ್ಲರಿಗೂ ಗೊತ್ತು. ಅಡ್ವಾಣಿಯವರದ್ದಂತೂ ಪುಸ್ತಕವಾಗಿ ಬಂತು. ನಾವು ಹೆಂಗಸರ ಕಡೆಯ, ಸ್ನೇಹಲತಾ ಅವರನ್ನು ಇಟ್ಟ ಆ ಸಣ್ಣ ಕೋಣೆಗೆ ಹೋಗಬೇಕು.

ಒಬ್ಬರಿಗೆಂದು ಕಟ್ಟಿದ ಕೋಣೆ. ಬಾಗಿಲಿಗೆ ಕಬ್ಬಿಣದ ಸರಳು. ಒಳಗೆ ಇನ್ನೊಂದು ತುದಿಯಲ್ಲಿ ನೆಲದಲ್ಲಿ ಒಂದು ತೂತು, ಅದೇ ಕಕ್ಕಸು. ಮೇ ತಿಂಗಳ ಬಿಸಿ ಇಳಿದು ಮಳೆ ಹಿಡಿದ ಮೇಲೆ ಗೋಡೆಗೆ ತೇವ ಏರುತ್ತದೆ. ಆಸ್ತಮಾ ಇರುವವರು ಮನೆಯಲ್ಲಿ ಒಬ್ಬರಾದರೂ ಇದ್ದರೆ ಮುಂದಿನದ್ದು ನಿಮಗೆ ಹೇಳಬೇಕಾಗಿಲ್ಲ. ಹೊರಗಿನವರು ತಿಳಿಯುವುದು ಉಸಿರು ಒಳಕ್ಕೆ ಹೋಗುವುದಿಲ್ಲ ಎಂದು. ಕಷ್ಟ ಇರುವುದು ಹೊರಕ್ಕೆ ಬಿಡುವುದರಲ್ಲಿ. ಎಳೆದುಕೊಂಡ ಗಾಳಿ ಎದೆಯಲ್ಲೇ ನಿಂತುಬಿಡುತ್ತದೆ. ಅದು ಹೊರಬೀಳುವ ಮುಂಚೆ ಇನ್ನೊಂದು ಉಸಿರು ಬೇಕಾಗುತ್ತದೆ. ಮಲಗಲು ಆಗುವುದಿಲ್ಲ. ಎರಡು ಕೈಯನ್ನೂ ಮಂಡಿಗೆ ಊರಿ, ಮುಂದಕ್ಕೆ ಬಾಗಿ, ಕತ್ತಿನ ನರ ಉಬ್ಬಿಸಿಕೊಂಡು ಕೂರಬೇಕು. ಸೀಟಿಯಂಥ ಸದ್ದು. ಮಾತಾಡಲು ಹೋದರೆ ವಾಕ್ಯದ ನಡುವೆ ಗಾಳಿ ಮುಗಿಯುತ್ತದೆ. ವೈದ್ಯರನ್ನು ಕರೆಯಲು ಕೂಗಬೇಕು, ಕೂಗಲು ಉಸಿರು ಬೇಕು. ರಾತ್ರಿಯ ನಿಶ್ಶಬ್ದದಲ್ಲಿ ಆಕೆಯ ಚೀರಾಟ ತಮ್ಮ ಕೋಣೆಗೆ ಕೇಳಿಸುತ್ತಿತ್ತು ಎಂದು ದಂಡವತೆ ಮುಂದೆ ಬರೆದರು.

ಆಕೆಯ ಬಂಧನಕ್ಕೆ ಕಾರಣವಾಗಿ ಮೊದಲು ಬರೋಡಾ ಡೈನಮೈಟ್ ಪ್ರಕರಣದ ಹೆಸರು ಹೇಳಿದರು. ಭೂಗತರಾಗಿದ್ದ ಸಮಾಜವಾದಿ ನಾಯಕ ಜಾರ್ಜ್ ಫರ್ನಾಂಡಿಸ್ ಎಲ್ಲಿದ್ದಾರೆ ಎಂಬುದು ಪೊಲೀಸರಿಗೆ ಬೇಕಿತ್ತು. ರೆಡ್ಡಿ ದಂಪತಿ ಅವರ ಗೆಳೆಯರು. ಜೂನ್ 10ರಂದು ಜಾರ್ಜ್ ಕಲ್ಕತ್ತದಲ್ಲಿ ಸಿಕ್ಕಿಯೂ ಬಿದ್ದರು. ಕೊನೆಗೆ ಸಲ್ಲಿಸಿದ ಆರೋಪಪಟ್ಟಿಯಲ್ಲಿ ಸ್ನೇಹಲತಾ ಅವರ ಹೆಸರು ಇರಲಿಲ್ಲ. ಆದರೂ ಬಿಡಲಿಲ್ಲ. ಆಂತರಿಕ ಭದ್ರತೆಯ ಕಾಯಿದೆ ಮೀಸಾ ಇತ್ತಲ್ಲ, ಅದರಡಿ ಕಾರಣ ಹೇಳದೆಯೇ ಇಟ್ಟುಕೊಳ್ಳಬಹುದಿತ್ತು.

ಈ ಕೋಣೆಯೊಳಗೆ ಆಕೆ ಸುಮ್ಮನೆ ಕೂರಲಿಲ್ಲ ಎಂಬುದನ್ನು ನಾನು ಒತ್ತಿ ಹೇಳಬೇಕು, ಏಕೆಂದರೆ ಸಾವಿನ ಕಥೆ ಹೇಳುವ ಭರದಲ್ಲಿ ನಾವು ಬದುಕಿದ್ದ ತಿಂಗಳುಗಳನ್ನು ಮರೆಯುತ್ತೇವೆ. ಹೆಣ್ಣು ಕೈದಿಗಳನ್ನು ಹೊಡೆಯುವುದನ್ನು ಅವರು ವಿರೋಧಿಸಿದರು. ಊಟ ಸರಿಯಿಲ್ಲವೆಂದು ಉಪವಾಸ ಕೂತರು. ಬಡ ಹೆಂಗಸರಿಗೆ ಹಾಡು ಕಲಿಸಿದರು, ನಾಟಕ ಆಡಿಸಿದರು. ದಿನಚರಿ ಬರೆದರು; ಅದು 1977ರಲ್ಲಿ ಪುಸ್ತಕವಾಗಿ ಹೊರಬಂತು. ಹೊರಗೆ ಯುವಜನರ ದಂಗೆಯ ಸಿನಿಮಾ ತಡೆಹಿಡಿಯಲ್ಪಟ್ಟಿದ್ದಾಗ ಒಳಗೆ ನಲವತ್ತು ದಾಟಿದ ಈ ಕಲಾವಿದೆ ಸೆನ್ಸಾರಿನ ಹಂಗಿಲ್ಲದೆ ನಾಟಕ ಆಡಿಸುತ್ತಿದ್ದರು.

*

ಇಂಥದ್ದು ನಮ್ಮಲ್ಲಿ ಮಾತ್ರ ನಡೆಯಲಿಲ್ಲ. ಪೋಲೆಂಡಿನ ಯೆಜಿ ಸ್ಕೊಲಿಮೊವ್ಸ್ಕಿ 1967ರಲ್ಲಿ 'ಕೈ ಮೇಲೆತ್ತಿ' ಎಂಬ ಅರ್ಥದ ಹೆಸರಿನ ಒಂದು ಚಿತ್ರ ಮಾಡಿದ. ಅವನಿಗಾಗ ಇನ್ನೂ ಮೂವತ್ತು ತುಂಬಿರಲಿಲ್ಲ. ಅದರಲ್ಲಿ ವಿದ್ಯಾರ್ಥಿಗಳು ಸ್ಟಾಲಿನ್‌ನ ಭಾರೀ ಭಾವಚಿತ್ರವನ್ನು ತುಂಡು ತುಂಡಾಗಿ ಜೋಡಿಸುವಾಗ ಮುಖಕ್ಕೆ ಎರಡು ಜೊತೆ ಕಣ್ಣು ಬಂದುಬಿಡುತ್ತದೆ. ನಾಲ್ಕು ಕಣ್ಣಿನ ಸ್ಟಾಲಿನ್! ಚಿತ್ರ ಕಪಾಟು ಸೇರಿತು, ನಿರ್ದೇಶಕ ದೇಶ ಬಿಟ್ಟ; ಜನ ಅದನ್ನು ನೋಡಿದ್ದು 1981ರಲ್ಲಿ. ಪೂರ್ವ ಜರ್ಮನಿಯಲ್ಲಿ 1965ರ ಡಿಸೆಂಬರಿನಲ್ಲಿ ಪಕ್ಷದ ಒಂದೇ ಸಭೆಯ ನಂತರ ಆ ಹೊತ್ತಿನ ಹೆಚ್ಚುಕಡಿಮೆ ಎಲ್ಲ ಮುಖ್ಯ ಚಿತ್ರಗಳೂ ನಿಂತುಹೋದವು. ಅವುಗಳಲ್ಲಿ ಕುರ್ಟ್ ಮೆಟ್ಸಿಗ್ ಮಾಡಿದ ಒಂದರ ನಾಯಕಿ ಮರಿಯಾಗೆ ನಿಮ್ಮಷ್ಟೇ ವಯಸ್ಸು, ಹತ್ತೊಂಬತ್ತು. ಅಣ್ಣ ಜೈಲಿನಲ್ಲಿದ್ದಾನೆಂದು ಅವಳ ಓದಿಗೆ ಬಾಗಿಲು ಮುಚ್ಚಿದೆ. ಆ ಚಿತ್ರ ಜನರೆದುರು ಬರಲು ಬರ್ಲಿನ್ ಗೋಡೆಯೇ ಬೀಳಬೇಕಾಯಿತು. ಯುಗೊಸ್ಲಾವಿಯದ ಲಾಜರ್ ಸ್ಟೊಯನೋವಿಚ್ ಎಂಬ ವಿದ್ಯಾರ್ಥಿ 1971ರಲ್ಲಿ 'ಪ್ಲಾಸ್ಟಿಕ್ ಜೀಸಸ್' ಮಾಡಿ ಜೈಲಿಗೇ ಹೋದ. ಚಿತ್ರ ತೆರೆ ಕಂಡದ್ದು 1990ರಲ್ಲಿ.

ಇವನ್ನೆಲ್ಲ ಈಗ ಚಿತ್ರೋತ್ಸವಗಳಲ್ಲಿ ತೋರಿಸುತ್ತಾರೆ, ಪ್ರಿಂಟು ಶುಚಿ ಮಾಡಿಸುತ್ತಾರೆ, ಚಪ್ಪಾಳೆ ತಟ್ಟುತ್ತಾರೆ. ನನಗೆ ಆ ಚಪ್ಪಾಳೆಯಲ್ಲಿ ಒಂದು ಕೊರತೆ ಕೇಳಿಸುತ್ತದೆ. 1965ರ ಬರ್ಲಿನ್ನಿನ ಹತ್ತೊಂಬತ್ತರ ಹುಡುಗಿ 1990ರಲ್ಲಿ ನಲವತ್ನಾಲ್ಕರ ಹೆಂಗಸು. ಆಕೆಗೆ ಆ ಚಿತ್ರ ಬೇಕಾಗಿದ್ದದ್ದು ಆಗ: ತನ್ನೊಳಗಿನ ಸಿಟ್ಟಿಗೆ ಹೆಸರಿಲ್ಲದ, ತಾನೊಬ್ಬಳೇ ಹೀಗೆ ಎಂದುಕೊಂಡಿದ್ದ ವಯಸ್ಸಿನಲ್ಲಿ. ತಡೆ ತೆಗೆದವರು ಚಿತ್ರವನ್ನು ವಾಪಸು ಕೊಟ್ಟರು, ಆ ಪ್ರೇಕ್ಷಕಳನ್ನು ವಾಪಸು ಕೊಡಲಾಗಲಿಲ್ಲ. ನಿಷೇಧದ ನಿಜವಾದ ಏಟು ಬೀಳುವುದು ಇಲ್ಲಿ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಿಂದ ಹೊರಟ ನಿಮಗೂ ಬಿದ್ದ ಏಟು ಇದೇ.

*

ಊರಿಗೆ ವಾಪಸು ಬಂದಿದ್ದೀರಿ. ರಾತ್ರಿ ಟೂರಿಂಗ್ ಟಾಕೀಸು. ಘಂಟಸಾಲ ಅವರ ದನಿಯಲ್ಲಿ ವೆಂಕಟೇಶನ ಸ್ತುತಿ ಲೌಡ್‌ಸ್ಪೀಕರಿನಲ್ಲಿ ಹೊಲಗಳ ಮೇಲೆ ಹಾಯುತ್ತದೆ. ಅದು ಕೇಳಿದರೆ ಆಟ ಶುರುವಾಗುತ್ತದೆಂದು ಸುತ್ತಲ ಹಳ್ಳಿಗೆಲ್ಲ ಗೊತ್ತು. ನೆಲದ ಟಿಕೆಟ್ಟು ತೆಗೆದು ಮರಳಿನ ಮೇಲೆ ಕೂತಿದ್ದೀರಿ. ಮೊದಲು ಸರ್ಕಾರದ ಸಮಾಚಾರ ಚಿತ್ರ: ಅಣೆಕಟ್ಟು, ಟ್ರಾಕ್ಟರು, ಸಾಲಾಗಿ ನಿಂತ ಮಕ್ಕಳು, ಕೆಂಪು ತ್ರಿಕೋನ, ಕೈ ಬೀಸುವ ಪ್ರಧಾನಿ. ಪರದೆಯ ತುಂಬ ಯುವಕರು ನಗುತ್ತಿದ್ದಾರೆ. ಒಬ್ಬನೂ ಪ್ರಶ್ನೆ ಕೇಳುವುದಿಲ್ಲ.

ಪಕ್ಕದಲ್ಲಿ ಕೂತ ಅಜ್ಜನೊಬ್ಬ ಗೌರಿಬಿದನೂರಿನ ಕಡೆಯವನು, ಮಗಳ ಮನೆಗೆ ಬಂದವನು. ಬೀಡಿ ಆರಿಸಿ ಇದ್ದಕ್ಕಿದ್ದಂತೆ ಕೇಳುತ್ತಾನೆ: "ವಿದುರಾಶ್ವತ್ಥಕ್ಕೆ ಓಗಿದೀಯೇನ್ ಮಗಾ?"

"ತೇರಿಗೆ ಓಗಿದ್ದೆ ತಾತಾ."

"ಅಲ್ಲಿ ನಾಗರಕಲ್ಲು ನೋಡಿರ್ತೀಯ. ಗೋಲಿಬಾರ್ ಆಗಿದ್ ಜಾಗ ನೋಡ್ಬೇಕಿತ್ತು."

ಅಜ್ಜ ಹೇಳುತ್ತಿರುವುದು 1938ರ ಏಪ್ರಿಲ್ 25ರ ಮಾತು. ಉತ್ತರ ಪಿನಾಕಿನಿಯ ದಡದಲ್ಲಿ, ಆ ದೊಡ್ಡ ಅಶ್ವತ್ಥದ ಹತ್ತಿರ, ಕಾಂಗ್ರೆಸ್ ಬಾವುಟ ಹಾರಿಸಬಾರದೆಂಬ ಮೈಸೂರು ಸರ್ಕಾರದ ಆಜ್ಞೆಯನ್ನು ಮೀರಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸರ್ಕಾರ ಹೇಳಿದ ಸಾವಿನ ಲೆಕ್ಕ ಹತ್ತು. ಊರಿನವರ ಲೆಕ್ಕ ಮೂವತ್ತು ಮೀರಿತ್ತು. ಗಾಂಧೀಜಿ ಸರ್ದಾರ್ ಪಟೇಲರನ್ನು, ಕೃಪಲಾನಿಯವರನ್ನು ಕಳಿಸಿದರು. ದಿವಾನ್ ಮಿರ್ಜಾ ಇಸ್ಮಾಯಿಲ್ ಜೊತೆ ಒಪ್ಪಂದವಾಗಿ ಬಾವುಟಕ್ಕೆ ಅನುಮತಿ ಸಿಕ್ಕಿತು. ಆ ದಿನ ಯಾವ ಪಕ್ಷದ ಬಾವುಟಕ್ಕಾಗಿ ಎಳೆಯರು ಎದೆ ಕೊಟ್ಟರೋ ಅದೇ ಪಕ್ಷದ ಸರ್ಕಾರ ಈಗ ಐದು ಜನ ಒಂದೆಡೆ ಸೇರಿದರೆ ಹೆದರುತ್ತದೆ. ಅಜ್ಜ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ವಿದುರಾಶ್ವತ್ಥದ ಹೆಸರು ಎತ್ತಿದ, ಅಷ್ಟೇ. ನಿಮಗೆ ತಿಳಿಯುತ್ತದೆ.

ಗೌರಿಬಿದನೂರು ತಾಲೂಕಿನದ್ದೇ ಇನ್ನೊಂದು ಊರು ಹೊಸೂರು. ಅಲ್ಲಿನ ಬಡ ಹುಡುಗ ಎಚ್. ನರಸಿಂಹಯ್ಯ ಓದಬೇಕೆಂಬ ಹಟಕ್ಕೆ ಬೆಂಗಳೂರಿಗೆ ಕಾಲ್ನಡಿಗೆಯಲ್ಲೇ ಹೋದವರು. 1942ರ ಚಳವಳಿಯಲ್ಲಿ ಓದು ನಿಲ್ಲಿಸಿ ಜೈಲು ಸೇರಿದರು, ನೀವು ನೋಡಿ ಬಂದ ಆ ಸೆಂಟ್ರಲ್ ಜೈಲನ್ನೂ ಕಂಡವರು. 1976ರಲ್ಲಿ ಅವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ. ಪ್ರಶ್ನೆ ಕೇಳದೆ ಏನನ್ನೂ ಒಪ್ಪಬೇಡಿ ಎಂದು ವಿದ್ಯಾರ್ಥಿಗಳಿಗೆ ಜೀವನವಿಡೀ ಹೇಳಿದ ಮೇಷ್ಟ್ರು, ಅದೇ ವರ್ಷ ಪವಾಡಗಳನ್ನು ಪರೀಕ್ಷಿಸಲು ಒಂದು ಸಮಿತಿಯನ್ನೇ ಮಾಡಿದರು. ಈ ಒಣ ಸೀಮೆ ಅಂಥವರನ್ನು ಬೆಳೆದಿದೆ. ಸಿನಿಮಾದ ಪೆಟ್ಟಿಗೆಯನ್ನು ತಡೆಯಬಹುದು. ಅಜ್ಜಂದಿರನ್ನೂ ಮೇಷ್ಟ್ರುಗಳನ್ನೂ ತಡೆಯಲು ಯಾವ ಕಾಯಿದೆ ಇತ್ತು? ಮುಂದಿನ ವರ್ಷಗಳಲ್ಲಿ ಕೋಲಾರ ಜಿಲ್ಲೆಯ ಕೇರಿಕೇರಿಗೆ ದಂಗೆ ಬಂದದ್ದು ತಮಟೆಯ ಮೇಲೆ, ದಲಿತ ಸಂಘರ್ಷ ಸಮಿತಿಯ ಹುಡುಗರು ಕೂಗಿ ಹಾಡಿದ ಹಾಡುಗಳಲ್ಲಿ. ಹಾಡಿಗೆ ಸರ್ಟಿಫಿಕೇಟು ಬೇಕಿರಲಿಲ್ಲ.

*

ದಿನಗಳು ಉರುಳಿವೆ. ನವೆಂಬರಿನಲ್ಲಿ ಸಂಸತ್ತು 42ನೇ ತಿದ್ದುಪಡಿಯನ್ನು ಅಂಗೀಕರಿಸಿದೆ. ಸಂವಿಧಾನದ ಪ್ರಸ್ತಾವನೆಗೆ 'ಸಮಾಜವಾದಿ' ಎಂಬ ಪದ ಸೇರುತ್ತದೆ. ಡಿಸೆಂಬರ್ 18ಕ್ಕೆ ರಾಷ್ಟ್ರಪತಿಗಳ ಅಂಕಿತ. 1977ರ ಜನವರಿ 3ರಿಂದ ಜಾರಿ. ಆ ದಿನ, ಭಾರತ ಕಾಗದದ ಮೇಲೆ ಸಮಾಜವಾದಿ ಗಣರಾಜ್ಯವಾದ ಆ ದಿನ, ಲೋಹಿಯಾ ಅವರ ಸಮಾಜವಾದವನ್ನು ನಂಬಿ ಬದುಕಿದ ಸ್ನೇಹಲತಾ ಶೇಷಾದ್ರಿ ರಸ್ತೆಯ ಗೋಡೆಯ ಹಿಂದೆ ಉಸಿರಿಗಾಗಿ ಕಷ್ಟಪಡುತ್ತಿದ್ದರು. ಇದನ್ನು ಬರೆಯುವಾಗ ಇವತ್ತಿಗೂ ನನಗೆ ಸಿಟ್ಟು ಬರುತ್ತದೆ.

ಜನವರಿ 15ಕ್ಕೆ ಪೆರೋಲ್ ಸಿಗುತ್ತದೆ. ದೇಹ ಪೂರ್ತಿ ಸೋತಿದೆ. 18ರಂದು ರೇಡಿಯೋದಲ್ಲಿ ಪ್ರಧಾನಿ ಚುನಾವಣೆ ಘೋಷಿಸುತ್ತಾರೆ. ಜೈಲುಗಳ ಬಾಗಿಲು ಒಂದೊಂದಾಗಿ ತೆರೆಯುತ್ತವೆ. 20ರಂದು ಸ್ನೇಹಲತಾ ತೀರಿಕೊಳ್ಳುತ್ತಾರೆ. ಮನೆಗೆ ಬಂದು ಐದೇ ದಿನ.

ಮಾರ್ಚಿನಲ್ಲಿ ಮತದಾನ. ನಿಮಗೆ ಈಗ ಇಪ್ಪತ್ತು. ಮತ ಹಾಕಲು ಇಪ್ಪತ್ತೊಂದಾಗಿರಬೇಕು. ಹದಿನೆಂಟಕ್ಕೆ ಇಳಿಯುವುದು 1989ರಲ್ಲಿ. ನಿಮ್ಮ ವಯಸ್ಸಿನವರ ದಂಗೆಯ ಸಿನಿಮಾ ನೋಡುವ ಹಕ್ಕೂ ನಿಮಗೆ ಇರಲಿಲ್ಲ, ಆ ದಂಗೆಗೆ ಕಾರಣವಾದವರನ್ನು ಕೆಳಗಿಳಿಸುವ ಹಕ್ಕೂ ಇಲ್ಲ. ಶಾಲೆಯ ಮುಂದೆ ನಿಂತು ನೋಡುತ್ತೀರಿ. ಮಾವ ಬೆರಳಿಗೆ ಮಸಿ ಹಾಕಿಸಿಕೊಂಡು ಬರುತ್ತಾರೆ.

"ಯಾವುದಕ್ಕೆ ಒತ್ತಿದ್ರಿ ಮಾವಾ?"

"ಅಸು-ಕರೂಗೆ. ಇನ್ಯಾವುದಕ್ಕೆ ಒತ್ತಾದು? ಭೂಮಿ ಕೊಟ್ಟೋರು ಅವ್ರಲ್ಲವಾ."

ಹಸು-ಕರು ಗುರುತಿನ ಕಾಂಗ್ರೆಸ್ ಉತ್ತರ ಭಾರತದಲ್ಲಿ ಕೊಚ್ಚಿಹೋಯಿತು. ಕರ್ನಾಟಕದಲ್ಲಿ 28ರಲ್ಲಿ 26 ಸ್ಥಾನ ಗೆದ್ದಿತು. ಆ ಚುನಾವಣೆಯಲ್ಲಿ ಮೊದಲ ಬಾರಿಗೆ ಲೋಕಸಭಾ ಕ್ಷೇತ್ರವಾದ ಚಿಕ್ಕಬಳ್ಳಾಪುರವೂ ಅದರ ಪಾಲಾಯಿತು. ಮಾವನಂಥವರನ್ನು ನಾನು ದೂರುವುದಿಲ್ಲ. ಅವರಿಗೆ ಹೊಲದ ಸುದ್ದಿ ತಲುಪಿತ್ತು, ಕೋಣೆಯ ಸುದ್ದಿ ತಲುಪಿರಲಿಲ್ಲ. ಎರಡೂ ತಲುಪಿದ್ದರೆ ಅವರು ಏನು ಮಾಡುತ್ತಿದ್ದರು ಎಂದು ತೀರ್ಮಾನಿಸುವ ಅವಕಾಶವನ್ನು ಅವರಿಂದಲೇ ಕಿತ್ತುಕೊಂಡಿದ್ದರು.

ಮಾರ್ಚ್ 21ಕ್ಕೆ ತುರ್ತು ಪರಿಸ್ಥಿತಿ ಹೋಯಿತು. 'ಚಂಡಮಾರುತ' 1977ರಲ್ಲಿ ಹೊರಬಂತು. ಗಾಳಿಯೇನೋ ಬಂತು, ಅದು ಬೀಸಬೇಕಾಗಿದ್ದ ಋತು ಕಳೆದಿತ್ತು. ದೆಹಲಿಯಲ್ಲಿ ಹೊಸ ಸರ್ಕಾರ, ಬೀದಿಯಲ್ಲಿ ವಿಜಯೋತ್ಸವ. ಬರಲಿರುವ ಕತ್ತಲನ್ನು ಮುಂಚೆಯೇ ಕಂಡು ಹೇಳಿದ ಚಿತ್ರವನ್ನು ಕತ್ತಲು ಸರಿದ ಮೇಲೆ ನೋಡುವ ತವಕ ಎಷ್ಟು ಜನಕ್ಕೆ ಇರುತ್ತದೆ? 'ಸಂಸ್ಕಾರ'ದ ಹೆಸರು ಎಲ್ಲರ ನಾಲಿಗೆಯ ಮೇಲೆ ಉಳಿಯಿತು, 'ಚಂಡಮಾರುತ' ಪಟ್ಟಿಗಳಲ್ಲಿ ಒಂದು ಸಾಲಾಯಿತು. ಪಟ್ಟಾಭಿ 1993ರಲ್ಲಿ 'ದೇವರ ಕಾಡು' ಮಾಡಿದರು, 2006ರ ಮೇ 6ರಂದು ತೀರಿಕೊಂಡರು. ಸೆಂಟ್ರಲ್ ಜೈಲು ಪರಪ್ಪನ ಅಗ್ರಹಾರಕ್ಕೆ ಹೋಯಿತು. ಹಳೆಯ ಜಾಗ 2008ರಿಂದ ಫ್ರೀಡಂ ಪಾರ್ಕ್. ಶಿಡ್ಲಘಟ್ಟದ ಸಣ್ಣ ರೈಲೂ ನಿಂತು ದೊಡ್ಡ ಹಳಿ ಬಂದಿದೆ.

ಆ ಚಿತ್ರವನ್ನು ಈ ಊರುಗಳಲ್ಲಿ ತೋರಿಸಬೇಕು. ಗೌರಿಬಿದನೂರಿನಲ್ಲಿ ನರಸಿಂಹಯ್ಯನವರ ನೆನಪಿರುವ ಕಾಲೇಜಿನಲ್ಲಿ, ಚಿಂತಾಮಣಿಯಲ್ಲಿ, ಚಿಕ್ಕಬಳ್ಳಾಪುರದಲ್ಲಿ, ವಿದುರಾಶ್ವತ್ಥದ ಬಯಲಿನಲ್ಲಿ ಒಂದು ಪರದೆ ಕಟ್ಟಿಯಾದರೂ ಸರಿ. ದೊಡ್ಡವರಿಗೆ ಬೇಡ, ಸನ್ಮಾನ ಭಾಷಣ ಬೇಡ. ಹತ್ತೊಂಬತ್ತು ಇಪ್ಪತ್ತರ ಹುಡುಗ ಹುಡುಗಿಯರನ್ನು ನೆಲದ ಮೇಲೆ ಕೂರಿಸಿ, ದೀಪ ಆರಿಸುವ ಮುಂಚೆ ಮೂರು ದಿನಾಂಕ ಮಾತ್ರ ಹೇಳಿದರೆ ಸಾಕು: 1976ರ ಮೇ 2, 1977ರ ಜನವರಿ 15, ಜನವರಿ 20. ಉಳಿದದ್ದನ್ನು ಅವರೇ ಕೇಳುತ್ತಾರೆ.